ಹಾಗಲಹಣ್ಣಿಗೆ ಕಟ್ಟಿದ ಕೆಂಪು ದಾರ

ಆ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಎರಡು ಬಾಗಿಲುಗಳು ಎದುರುಬದುರಾಗಿದ್ದವು. ನಡುವಿನ ಹಜಾರ ಮೂರು ಮಾರು ಅಗಲವಿದ್ದೀತು. ಆದರೆ ಆ ಬಾಗಿಲುಗಳ ಒಡತಿಯರ ನಡುವಿನ ದೂರವನ್ನು ಅಳೆಯಹೊರಟಿದ್ದರೆ ಪ್ರಪಂಚದ ದರ್ಜಿಗಳ ಟೇಪೆಲ್ಲ ಸಾಲದೆ, ರೈಲುಹಳಿ ಕಿತ್ತು ತಂದು ಹಾಸಬೇಕಾಗುತ್ತಿತ್ತು.

ಎಡಗಡೆಯದು ಬಳ್ಳಿಕೋಣೆ, ಅತ್ತಿಗೆಯ ರಾಜ್ಯ. ಬಲಗಡೆಯದು ಅಳತೆಕೋಣೆ, ನಾದಿನಿಯ ರಾಜ್ಯ. ಇಬ್ಬರೂ ಒಂದೇ ಮನೆಯಿಂದ, ಒಂದೇ ಒಲೆಯಲ್ಲಿ ಬೆಂದ ಊಟ ಕಟ್ಟಿಕೊಂಡು, ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಒಬ್ಬಳು ಮುಂದಿನ ಬಾಗಿಲಿನಿಂದ ಹತ್ತಿದರೆ ಇನ್ನೊಬ್ಬಳು ಹಿಂದಿನದರಿಂದ. ಡ್ರೈವರ್ ಬೆಳಿಗ್ಗೆ ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ನೋಡಿಬಿಟ್ಟರೆ ಅವತ್ತು ಎರಡು ಸಲವಾದರೂ ಟಯರು ಪಂಕ್ಚರ್ ಆಗುತ್ತಿತ್ತಂತೆ.

ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತಿಗೆಯ ಕಾನೂನು. ಯಾವ ಡಬ್ಬಿ ಯಾವ ಕಪಾಟಿನಲ್ಲಿರಬೇಕು, ಕಿಟಕಿ ಎಷ್ಟು ತೆರೆದಿರಬೇಕು, ಒದ್ದೆ ಟವೆಲ್ಲು ಎಲ್ಲಿ ನೇತಾಡಬೇಕು, ಎಲ್ಲಕ್ಕೂ ಅವಳ ಅಪ್ಪಣೆ ಬೇಕು. ಇಡೀ ಭೂಮಂಡಲದಲ್ಲಿ ನಾದಿನಿಯ ಮಾತು ನಡೆಯುತ್ತಿದ್ದದ್ದು ಒಂದೇ ಒಂದು ಕೋಣೆಯಲ್ಲಿ. ಅಲ್ಲಿ ಅವಳು ಹೇಳಿದ ಕಡೆ ಸೀಸೆ ನಿಲ್ಲುತ್ತಿತ್ತು, ಅವಳು ಹೇಳಿದಾಗ ಪರದೆ ಇಳಿಯುತ್ತಿತ್ತು, ಅವಳು ಕೆಮ್ಮಿದರೆ ಯಂತ್ರವೂ ಎದ್ದು ನಿಲ್ಲುತ್ತಿತ್ತು. ಆ ಕೋಣೆಯ ಬೀಗದ ಕೈಯನ್ನು ಅವಳು ಕೊರಳ ಸರದಲ್ಲಿ ಹಾಕಿಕೊಂಡಿದ್ದಳು, ಸ್ನಾನಕ್ಕೂ ತೆಗೆಯುತ್ತಿರಲಿಲ್ಲ.

ಬಳ್ಳಿಕೋಣೆಗೆ ಕಿಟಕಿಯೇ ಇರಲಿಲ್ಲ. ಸೂರ್ಯನಿಗೆ ಅಲ್ಲಿ ಪ್ರವೇಶವಿಲ್ಲ. ಚಾವಣಿಯ ತುಂಬ ಕೆಂಪು ಮತ್ತು ನೀಲಿ ದೀಪಗಳು; ಆ ಎರಡೂ ಕಲೆತ ನೇರಳೆ ಬೆಳಕನ್ನು ಕುಡಿದು ಹಾಗಲಬಳ್ಳಿಗಳು ರಾಕ್ಷಸರ ಹಾಗೆ ಬೆಳೆದಿದ್ದವು. ಬೆಳಿಗ್ಗೆ ಮೊಳೆಗೆ ತೂಗುಹಾಕಿದ ಛತ್ರಿಯನ್ನು ಮಧ್ಯಾಹ್ನದೊಳಗೆ ಸುತ್ತಿ, ಸಂಜೆಯೊಳಗೆ ಬಿಚ್ಚಿ, ಒಮ್ಮೆ ಹಿಡಿದುಕೊಂಡೂ ನೋಡುತ್ತಿದ್ದವು ಎಂದು ಅಲ್ಲಿ ಕೆಲಸ ಮಾಡುವವರೇ ಆಣೆಯಿಟ್ಟು ಹೇಳುತ್ತಾರೆ. ಆ ದೀಪಗಳನ್ನು ಹಾಕಿದವನು ಅಣ್ಣ. ಕೇಂದ್ರದ ಎಲೆಕ್ಟ್ರಿಷಿಯನ್. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಒಡಹುಟ್ಟಿದವನು. ಹೈವೋಲ್ಟೇಜ್ ತಂತಿಯನ್ನು ಬರಿಗೈಯಲ್ಲಿ ಹಿಡಿದು ಸಿಳ್ಳೆ ಹಾಕುವಷ್ಟು ಧೈರ್ಯಶಾಲಿ. ಆದರೆ ಹೆಂಡತಿ, ತಂಗಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಏಣಿ ಹತ್ತಿ ಚಾವಣಿಯೊಳಗೆ ಮಾಯವಾಗುತ್ತಿದ್ದ.

ಕೆಲಸವೇನೋ ಸರಳ. ಹಾಗಲಕಾಯಿ ಎಳೆಯದಾಗಿದ್ದಾಗ ಹಸಿರು. ಆ ಹಸಿರು ಪತ್ರಹರಿತ್ತಿನದು. ಬಲಿಯುತ್ತ ಬಲಿಯುತ್ತ ಹಸಿರು ಜಾಗ ಖಾಲಿ ಮಾಡುತ್ತದೆ, ಕೆರೋಟಿನ್‌ಗಳು ಬಂದು ಕೂರುತ್ತವೆ, ಸಿಪ್ಪೆ ಹಳದಿಯಾಗಿ ಕಿತ್ತಳೆಯಾಗುತ್ತದೆ. ಒಳಗೆ ಬೀಜಕ್ಕೆ ಅಂಗಿ ತೊಡಿಸಿದ ಹಾಗಿರುವ ಬಿಳಿ ಲೋಳೆ ಇದೆಯಲ್ಲ, ಅದು ಲೈಕೋಪೀನ್ ತುಂಬಿಕೊಂಡು ರಕ್ತದಂತೆ ಕೆಂಪಾಗುತ್ತದೆ. ಹೀಗೆ ಬಣ್ಣ ಬದಲಾಗುವಾಗ ಹಣ್ಣಿನ ಉತ್ಕರ್ಷಣ ನಿರೋಧಕ ಶಕ್ತಿ, ಅಂದರೆ ಜೀವಕೋಶ ತುಕ್ಕು ಹಿಡಿಯದಂತೆ ಕಾಯುವ ಕಸುವು, ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ? ಸಿಪ್ಪೆಯಲ್ಲಿ ಇಳಿಯುತ್ತದೆ, ಬೀಜದ ಲೋಳೆಯಲ್ಲಿ ಏರುತ್ತದೆ ಎಂದು ನಾದಿನಿ ಎಲ್ಲರ ಮುಂದೆ ಎದೆ ತಟ್ಟಿ ಹೇಳಿದ್ದಳು. ಇಳಿಯುವ ಒಂದು ಗೆರೆ, ಏರುವ ಒಂದು ಗೆರೆ. ಅವೆರಡನ್ನು ಎಳೆದು ತೋರಿಸಿದರೆ ಮುಗಿಯಿತು.

ಗೆರೆಗಳು ಬರಲಿಲ್ಲ. ಬಂದದ್ದು ಹುಚ್ಚುಕುದುರೆ ತುಳಿದ ಗದ್ದೆ. ಹಸಿರುಕಾಯಿಯ ಅಳತೆ ಅಚ್ಚುಕಟ್ಟಾಗಿ ಬರುತ್ತಿತ್ತು. ಅಲ್ಲಿಂದ ಮುಂದೆ, ಅರೆಹಣ್ಣು ಎಂದು ಬಂದ ಪೊಟ್ಟಣದಲ್ಲಿ ಪೂರ್ತಿ ಹಣ್ಣಿಗಿಂತ ಹೆಚ್ಚು ಕೆಂಪು. ಪೂರ್ತಿ ಹಣ್ಣು ಎಂದು ಬಂದದ್ದರಲ್ಲಿ ಇನ್ನೂ ಅರೆ ಹಸಿರು. ಮುಂದಿನ ವಾರ ಮತ್ತೆ ಅದರ ತಲೆಕೆಳಗು. ನಾದಿನಿ ಯಂತ್ರವನ್ನು ಒರೆಸಿದಳು, ಬೈದಳು, ಮುದ್ದು ಮಾಡಿದಳು. ಯಂತ್ರ ಸರಿಯಿತ್ತು. ಹಾಗಾದರೆ ತಪ್ಪು ಹಜಾರದ ಆ ಕಡೆಯದು.

ಆ ಕಡೆಯಿಂದ ಪೊಟ್ಟಣಗಳು ಬರುತ್ತಿದ್ದ ಬಗೆ ಹೀಗೆ. ಹೊರಗಿನ ಬೆಳಕು ತಾಗಿದರೆ ಬಣ್ಣ ಸಾಯುತ್ತದೆಂದು ಹಣ್ಣನ್ನು ಬಳ್ಳಿಕೋಣೆಯಲ್ಲೇ ಕೊಯ್ದು, ಅಲ್ಲೇ ಹೆಚ್ಚಿ, ಸಿಪ್ಪೆ ಬೇರೆ ಲೋಳೆ ಬೇರೆ ಮಾಡಿ, ಬೆಳ್ಳಿಹಾಳೆಯಲ್ಲಿ ಸುತ್ತಿ, ಕಲ್ಲಿನಂತೆ ಹೆಪ್ಪುಗಟ್ಟಿಸಿ ಕಳಿಸುವುದು. ಯಾವುದು ಯಾವ ಹದದ್ದೆಂದು ತಿಳಿಯಲು ಕೊಯ್ಯುವ ದಿನ ಬಳ್ಳಿಯಲ್ಲೇ ಹಣ್ಣಿಗೊಂದು ದಾರ, ಕೊಯ್ದ ಮೇಲೆ ಅದೇ ದಾರ ಪೊಟ್ಟಣಕ್ಕೆ. ಮೊದಲು ಅತ್ತಿಗೆ ಬಿಳಿ ದಾರದಲ್ಲಿ ಗಂಟು ಹಾಕುತ್ತಿದ್ದಳು: ಕಾಯಿಗೆ ಒಂದು, ಅರೆಹಣ್ಣಿಗೆ ಎರಡು, ಹಣ್ಣಿಗೆ ಮೂರು. ಹದವನ್ನು ಅವಳು ಬೆರಳಿನಲ್ಲೇ ತಿಳಿಯುತ್ತಿದ್ದಳು. ಮುಳ್ಳುಮುಳ್ಳಾದ ಮೈಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಹಾಗಲ ತನ್ನ ಜಾತಕ ಪೂರ್ತಿ ಒಪ್ಪಿಸುತ್ತಿತ್ತು.

"ಇದೇನು ದನಕ್ಕೆ ಕಟ್ಟೋ ಹಗ್ಗಾನಾ, ಗಂಟು ಹಾಕೋಕೆ?" ಎಂದು ನಾದಿನಿ ಅದನ್ನು ಎಲ್ಲರ ಮುಂದೆ ಗೇಲಿ ಮಾಡಿ, ತಾನೇ ಅಂಗಡಿಗೆ ಹೋಗಿ ಮೂರು ಬಣ್ಣದ ರೀಲು ತಂದು, ಹಜಾರದ ನಡುವೆ ನಿಂತು ಕೊಟ್ಟಿದ್ದಳು. ಕಾಯಿಗೆ ಹಸಿರು, ಅರೆಹಣ್ಣಿಗೆ ಹಳದಿ, ಹಣ್ಣಿಗೆ ಕೆಂಪು. ಒಳಗೆ ಹೋಗಿ ಕೊಡಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಅವಳು ಆ ಕೋಣೆಗೆ ಕಾಲಿಟ್ಟವಳೇ ಅಲ್ಲ.

ಸೋಮವಾರ ನಿರ್ದೇಶಕರು ಇಬ್ಬರನ್ನೂ ಕರೆಸಿದರು. ಅವರಿಗೆ ಎಲ್ಲರೂ ಇಟ್ಟ ಹೆಸರು ಆಯ್ತಾಯ್ತು ಸಾಹೇಬರು. ಭೂಕಂಪವಾದರೂ "ಆಯ್ತು ಆಯ್ತು, ನೋಡೋಣ" ಎನ್ನುವ ಮನುಷ್ಯ. ಅವತ್ತು ಮಾತ್ರ ಹಾಗೆನ್ನಲಿಲ್ಲ.

"ಏನಮ್ಮಾ ಇದು ಗೆರೆ? ನನ್ನ ಮೊಮ್ಮಗು ಗೋಡೆ ಮೇಲೆ ಗೀಚಿದ್ದು ಇದಕ್ಕಿಂತ ನೆಟ್ಟಗಿದೆ."

"ಕೊಟ್ಟ ಪೊಟ್ಟಣ ಅಳೆದಿದ್ದೀನಿ ಸಾರ್. ಕೊಡೋರು ಏನು ಕೊಡ್ತಾರೋ ಅವರನ್ನೇ ಕೇಳಿ" ಎಂದಳು ನಾದಿನಿ.

"ಕೊಟ್ಟಿದ್ದು ಹಾಗಲಹಣ್ಣು ಸಾರ್, ಕಲ್ಲಲ್ಲ" ಎಂದಳು ಅತ್ತಿಗೆ. "ಅಳೆಯೋಕೆ ಬರಲ್ಲ ಅಂದ್ರೆ ಒಪ್ಕೊಳ್ಳಲಿ. ಮನೇಲಿ ಅಕ್ಕಿ ಅಳೆದು ಹಾಕು ಅಂದ್ರೂ ಹೀಗೇ ಮಾಡ್ತಾಳೆ."

"ಅತ್ತಿಗೆ, ನೀವು ಮನೆ ವಿಷಯ ಇಲ್ಲಿ ತರಬೇಡಿ."

"ನೀನು ಇಲ್ಲಿಯ ಕೊಬ್ಬು ಮನೆಗೆ ತರಬೇಡ ತಾಯಿ, ಆಗ ನಾನೂ ತರಲ್ಲ."

ಸಾಹೇಬರು ಮೇಜು ಕುಟ್ಟಿದರು. ಶುಕ್ರವಾರದೊಳಗೆ ಗೆರೆ ಸರಿಯಾಗದಿದ್ದರೆ ಅಳತೆಕೋಣೆಯನ್ನು ಬಳ್ಳಿಕೋಣೆಯ ಕೈಕೆಳಗೆ ಹಾಕುವುದು ಎಂದರು. ಬೀಗದ ಕೈ ಅತ್ತಿಗೆಗೆ. ಎರಡು ಕೋಣೆಗೂ ಅವಳೇ ಮುಖ್ಯಸ್ಥೆ.

ನಾದಿನಿಯ ಕಾಲ ಕೆಳಗಿನ ನೆಲವಷ್ಟೇ ಅಲ್ಲ, ಅದರ ಕೆಳಗಿನ ಮಹಡಿ, ಅದರ ಕೆಳಗಿನ ಅಡಿಪಾಯ, ಎಲ್ಲ ಒಟ್ಟಿಗೆ ಕುಸಿದವು. ಇನ್ನು ಇಲ್ಲಿಯೂ ಅತ್ತಿಗೆಯನ್ನು ಕೇಳಿ ಪರದೆ ಇಳಿಸಬೇಕು. ಇಲ್ಲಿಯೂ ಅತ್ತಿಗೆ ತೋರಿಸಿದ ಕಡೆ ಸೀಸೆ ಇಡಬೇಕು.

ಅವತ್ತಿನ ಊಟದ ಹೊತ್ತಿಗೆ ಮನೆಯಲ್ಲಿ ಎಂಥ ಮೌನವಿತ್ತೆಂದರೆ ಗಡಿಯಾರ ಮುಳ್ಳನ್ನು ತುದಿಗಾಲಲ್ಲಿ ಇಡುತ್ತಿತ್ತು.

"ಅಣ್ಣಾ, ಆ ಕಡೆಯೋರಿಗೆ ಉಪ್ಪು ಇತ್ತ ಕೊಡೋಕೆ ಹೇಳು."

"ಏನೂಂದ್ರೆ, ಉಪ್ಪು ಅಳತೆ ನೋಡಿ ಹಾಕ್ಕೋಬೇಕು ಅಂತ ನಿಮ್ಮ ತಂಗಿಗೆ ಹೇಳಿ. ಅಳತೆ ಬಂದ್ರೆ."

"ಅಣ್ಣಾ, ಬೇಕಂತಲೇ ದಾರ ಅದಲುಬದಲು ಮಾಡಿ ಕಳಿಸೋರ ಕೈಯಿಂದ ನನಗೆ ಉಪ್ಪೇ ಬೇಡ ಅಂತ ಹೇಳು!"

ಅತ್ತಿಗೆಯ ಕೈಯಲ್ಲಿದ್ದ ಚಮಚ ನಿಂತಿತು. "ಏನಂದೆ? ನಾನು ಅದಲುಬದಲು ಮಾಡಿದ್ನಾ? ನನ್ನ ಬಳ್ಳಿ ಮೇಲೆ ಆಣೆ, ಒಂದು ದಾರ ತಪ್ಪಿದ್ದರೆ ನಾನು ನಾಳೆಯಿಂದ ಕೆಲಸಕ್ಕೇ ಬರಲ್ಲ. ಸಾಬೀತು ಮಾಡು, ನೋಡೋಣ!"

ಅಣ್ಣ ತಟ್ಟೆ ಎತ್ತಿಕೊಂಡು ಎದ್ದ. ಫ್ಯೂಸ್ ನೋಡಿ ಬರುತ್ತೇನೆಂದ. ಮನೆಯ ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು.

ಸಾಬೀತು ಮಾಡಲೆಂದೇ ನಾದಿನಿ ಗುರುವಾರ ಊಟದ ಬಿಡುವಿನಲ್ಲಿ ಆ ಬಾಗಿಲನ್ನು ಜನ್ಮದಲ್ಲಿ ಮೊದಲ ಸಲ ತಳ್ಳಿದಳು. ಅತ್ತಿಗೆ ಕೆಳಗಿನ ಕ್ಯಾಂಟೀನಿನಲ್ಲಿದ್ದಳು. ಒಳಗೆ ನೇರಳೆ ಬೆಳಕು ಮುಖಕ್ಕೆ ರಾಚಿತು. ತನ್ನ ಬಿಳಿಕೋಟು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಉಗುರುಗಳು ಸತ್ತವರ ಉಗುರಿನಂತೆ ಕಂಡವು. ಎಲೆಗಳು ಕಪ್ಪು. ಅವುಗಳ ನಡುವೆ ಹಾಗಲಗಳು ಮೊಸಳೆಮರಿಗಳ ಹಾಗೆ ನೇತಾಡುತ್ತಿದ್ದವು.

ಹೆಚ್ಚುವ ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಮೂರು ರೀಲು. ಒಂದು ಕಪ್ಪಗೆ ಕಂಡಿತು, ಅದು ಹಸಿರಿನದಿರಬೇಕು. ಉಳಿದೆರಡೂ ಕೆಂಪು.

ಎರಡೂ ಕೆಂಪು! ಹಳದಿ ರೀಲನ್ನು ಎಸೆದು ಅದರ ಜಾಗದಲ್ಲಿ ಇನ್ನೊಂದು ಕೆಂಪು ತಂದಿಟ್ಟಿದ್ದಾಳೆ. ಸಿಕ್ಕಿಬಿದ್ದಳು! ನಾದಿನಿ ಒಂದನ್ನು ಎತ್ತಿ ಮುಷ್ಟಿಯಲ್ಲಿ ಬಿಗಿಹಿಡಿದು ಹಜಾರಕ್ಕೆ ಬಂದಳು. ಸಾಹೇಬರ ಕೋಣೆಯ ಕಡೆ ಹೆಜ್ಜೆ ಹಾಕುತ್ತಲೇ ಮುಷ್ಟಿ ಬಿಚ್ಚಿ ನೋಡಿದಳು.

ಹಳದಿ.

ಅವಳು ನಿಂತಳು. ಮತ್ತೆ ಒಳಗೆ ಹೋದಳು, ಕೆಂಪು. ಹೊರಗೆ ಬಂದಳು, ಹಳದಿ. ಹೊಸ್ತಿಲ ಮೇಲೆ ನಿಂತು ಕೈಯನ್ನು ಒಳಗೆ ಚಾಚಿದಳು, ಹೊರಗೆಳೆದಳು, ಚಾಚಿದಳು, ಎಳೆದಳು. ನೋಡಿದವರಿದ್ದರೆ ಇವಳು ಗಾಳಿಯಲ್ಲಿ ಗರಗಸ ಹಾಕುತ್ತಿದ್ದಾಳೆ ಎನ್ನುತ್ತಿದ್ದರು. ಆ ದೀಪಗಳ ಕೆಳಗೆ ಹಳದಿಯೂ ಕೆಂಪೇ, ಕಿತ್ತಳೆಯೂ ಕೆಂಪೇ, ಕೆಂಪೂ ಕೆಂಪೇ. ಹಣ್ಣೂ ಹಾಗೆಯೇ, ದಾರವೂ ಹಾಗೆಯೇ. ಅತ್ತಿಗೆಯ ಬೆರಳು ಹದವನ್ನು ಸರಿಯಾಗಿ ಹೇಳುತ್ತಿತ್ತು. ಆದರೆ ಎರಡು ರೀಲಿನಲ್ಲಿ ಒಂದನ್ನು ಹಳದಿಯೆಂದೂ ಇನ್ನೊಂದನ್ನು ಕೆಂಪೆಂದೂ ಅಂದಾಜಿನಲ್ಲಿ ಕಟ್ಟುತ್ತಿದ್ದಳು. ಆ ಅಂದಾಜು ಅರ್ಧ ಸಲ ತಲೆಕೆಳಗಾಗಿರುತ್ತಿತ್ತು.

ಗಂಟಿಗೆ ಯಾವ ಬೆಳಕಾದರೇನು? ಗಂಟು ಗಂಟೇ.

ಸೋಲು ಹಾಗಲಕ್ಕಿಂತ ಕಹಿಯೆಂದು ನಾದಿನಿಗೆ ಗೊತ್ತಿರಲಿಲ್ಲ. ಮರುಕ್ಷಣವೇ ಅವಳ ತಲೆ ಓಡಿತು. ಶುಕ್ರವಾರಕ್ಕೆ ಇನ್ನೂ ಸಮಯವಿದೆ. ಬಳ್ಳಿಯ ಮೇಲೆ ಇರುವ ಹಣ್ಣುಗಳ ದಾರವನ್ನೆಲ್ಲ ಈಗಲೇ ಬಿಚ್ಚಿ, ಫೋನಿನ ಬಿಳಿ ಟಾರ್ಚಿನಲ್ಲಿ ಬಣ್ಣ ನೋಡಿ ಮತ್ತೆ ಕಟ್ಟಿಬಿಟ್ಟರೆ? ಸಂಜೆ ಪೊಟ್ಟಣಗಳು ಸರಿಯಾಗಿ ಬರುತ್ತವೆ, ಗೆರೆ ನೆಟ್ಟಗಾಗುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ.

ಟಾರ್ಚು ಹೊತ್ತಿಸಿದ ಫೋನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವಳು ಬಳ್ಳಿಯೊಳಗೆ ನುಗ್ಗಿದಳು. ಬಿಳಿಬೆಳಕು ಬಿದ್ದಲ್ಲೆಲ್ಲ ನಿಜ ಹೊರಬಿತ್ತು: ಕಿತ್ತಳೆ ಹಣ್ಣಿಗೆ ಹಳದಿ ದಾರ, ಆಗಷ್ಟೇ ಹಳದಿಗೆ ತಿರುಗುತ್ತಿದ್ದ ಕಾಯಿಗೆ ಕೆಂಪು ದಾರ. ಬಿಚ್ಚಿದಳು, ಕಟ್ಟಿದಳು, ಬಿಚ್ಚಿದಳು. ಒಂದು ಹಣ್ಣು ಪೂರ್ತಿ ಬಲಿತು ತುದಿ ಬಿರಿದಿತ್ತು. ಮುಟ್ಟುತ್ತಲೇ ಮೂರು ಹೋಳಾಗಿ ಬಾಯಿ ತೆರೆದು ಕೆಂಪು ಬೀಜಗಳನ್ನು ಅವಳ ಕೋಟಿನ ಮೇಲೆ ಉಗುಳಿತು.

"ಓಹೋಹೋ! ಬನ್ನಿ, ಎಲ್ಲರೂ ಬನ್ನಿ! ಅಳತೆ ಮೇಡಂ ನನ್ನ ಕೋಣೆಗೆ ಪಾದ ಬೆಳೆಸಿದ್ದಾರೆ!"

ಬಾಗಿಲಲ್ಲಿ ಅತ್ತಿಗೆ. ಆ ಕೂಗಿಗೆ ಮೂರು ಮಹಡಿಯ ಗಾಜುಗಳು ಗಲಗಲ ಎಂದವು. ನಾದಿನಿಯ ಒಂದು ಕೈಯಲ್ಲಿ ಬಿಚ್ಚಿದ ದಾರಗಳ ಗೊಂಚಲು, ಇನ್ನೊಂದು ಕೈಯಲ್ಲಿ ರೀಲು, ಬಾಯಲ್ಲಿ ಫೋನು. ಕಳ್ಳಿಯ ಚಿತ್ರ ಬರೆಯಿರಿ ಎಂದರೆ ಯಾವ ಚಿತ್ರಗಾರನೂ ಇದಕ್ಕಿಂತ ಚೆನ್ನಾಗಿ ಬರೆಯಲಾರ.

"ನಾನು ಅದಲುಬದಲು ಮಾಡ್ತೀನಿ ಅಂದೆ ಅಲ್ವಾ? ಈಗ ಯಾರ ಕೈಯಲ್ಲಿದೆ ದಾರ? ಮಾತಾಡು! ಬಾಯಲ್ಲಿ ಏನು ಇಟ್ಕೊಂಡಿದ್ದೀಯ, ಅದನ್ನ ತೆಗೆದು ಮಾತಾಡು!"

ಅಷ್ಟರಲ್ಲಿ ಚಹಾದ ಲೋಟ ಹಿಡಿದೇ ಆಯ್ತಾಯ್ತು ಸಾಹೇಬರು ಓಡಿಬಂದರು. ಅವರ ಹಿಂದೆ ಏಣಿ ಹೊತ್ತು ಅಣ್ಣ. ಅತ್ತಿಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು: ತನ್ನ ಕೆಲಸ ಹಾಳು ಮಾಡಲು ಇವಳು ಮೊದಲಿನಿಂದ ಕದ್ದು ಬರುತ್ತಿದ್ದಳು, ದಾರ ಬದಲಿಸುತ್ತಿದ್ದಳು, ಆಮೇಲೆ ತನ್ನ ಮೇಲೆ ಗೂಬೆ ಕೂರಿಸುತ್ತಿದ್ದಳು.

ಸಾಹೇಬರ ಮುಖ ಬಿಗಿಯಿತು. "ನಿಜಾನಾ ಅಮ್ಮಾ? ಇದು ನಿಜವಾದರೆ ಕೋಣೆ ಮಾತ್ರ ಅಲ್ಲ, ಕೆಲಸವೂ ಉಳಿಯಲ್ಲ."

ಎರಡು ದಾರಿ ಇದ್ದವು. ಕಳ್ಳಿ ಎನಿಸಿಕೊಂಡು ಹೊರಹೋಗುವುದು. ದಡ್ಡಿ ಎನಿಸಿಕೊಂಡು ಇಲ್ಲೇ ನಿಲ್ಲುವುದು. ನಾದಿನಿ ಬಾಯಿಂದ ಫೋನು ತೆಗೆದಳು. ತಟ್ಟೆಯಲ್ಲಿದ್ದ ಇನ್ನೊಂದು ರೀಲನ್ನೂ ಎತ್ತಿ ಎರಡನ್ನೂ ಸಾಹೇಬರ ಮುಂದೆ ಹಿಡಿದಳು.

"ಸಾರ್, ಇದರಲ್ಲಿ ಕೆಂಪು ಯಾವುದು ಹೇಳಿ."

"ಇದೇನು ಆಟ? ಎರಡೂ..." ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಇದು. ಇದೇ ಸರಿಯಾದ ಕೆಂಪು."

"ಹಜಾರಕ್ಕೆ ತಗೊಂಡು ಹೋಗಿ ನೋಡಿ."

ಹೋದರು. ಹೊರಗಿನಿಂದ ಚಹಾ ಚೆಲ್ಲಿದ ಸದ್ದು ಬಂತು. ಒಳಗೆ ಬಂದವರು ಚಾವಣಿ ನೋಡಿದರು, ಅಣ್ಣನನ್ನು ನೋಡಿದರು. "ಈ ದೀಪ ಹಾಕಿದ್ದು ಯಾರು?"

ಏಣಿ ಗಡಗಡ ನಡುಗಿತು.

"ಅವರಿಗೇನು ಸಂಬಂಧ?" ಎಂದು ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬಾಯಲ್ಲಿ ಗದರಿದರು. ಒಂದೇ ಮಾತನ್ನು ಒಟ್ಟಿಗೆ ಆಡಿಬಿಟ್ಟದ್ದಕ್ಕೆ ಇಬ್ಬರಿಗೂ ಮೈಯೆಲ್ಲ ಉರಿಯಿತು.

"ಬಳ್ಳಿಗೆ ಈ ಬೆಳಕೇ ಬೇಕು, ಅವನು ಹಾಕಿದ್ದು ಸರಿಯಿದೆ" ಎಂದಳು ನಾದಿನಿ. ತಲೆ ತಗ್ಗಿಸಲಿಲ್ಲ, ತಗ್ಗಿಸುವ ಅಭ್ಯಾಸವೇ ಅವಳ ಕತ್ತಿಗೆ ಇರಲಿಲ್ಲ. "ದಾರ ನಂದು. ಗಂಟು ಬೇಡ ಅಂದವಳೂ ನಾನೇ. ಒಂದು ಸಾರಿ ಒಳಗೆ ಬಂದು ನೋಡಿದ್ದರೆ ಆವತ್ತೇ ಗೊತ್ತಾಗ್ತಿತ್ತು. ಬರಲಿಲ್ಲ. ಬಂದರೆ ಇವರ ಮುಖ ನೋಡಬೇಕಲ್ಲ, ಅದಕ್ಕೆ."

"ಬಂದಿದ್ದರೆ ನಾನು ಬಿಡ್ತಿದ್ನಾ ಒಳಗೆ?" ಎಂದಳು ಅತ್ತಿಗೆ. ಆದರೆ ಆ ಮಾತಿನಲ್ಲಿ ಮೊದಲಿನ ಸಿಡಿಲು ಇರಲಿಲ್ಲ. ಅವಳು ರೀಲನ್ನು ಕಿತ್ತುಕೊಂಡು ತಾನೂ ಹೊಸ್ತಿಲ ತನಕ ಹೋಗಿ ಬಂದಳು. "ಥೂ! ಇಷ್ಟು ದಿನ ನಾನು ಇದನ್ನೇ ಕಟ್ಟಿದ್ದು. ನಿನ್ನ ದಾರ ನಂಬಿ ನನ್ನ ಹಣ್ಣಿನ ಮರ್ಯಾದೆ ಹೋಯ್ತು."

ಸಾಹೇಬರು ಸಂಜೆಯವರೆಗೆ ಸಮಯ ಕೊಟ್ಟರು. ಇಬ್ಬರೂ ಕೂತು, ಒಟ್ಟಿಗೆ, ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಬೇಕು.

ಆ ಮಧ್ಯಾಹ್ನ ಅಳತೆಕೋಣೆಯಲ್ಲಿ ನಡೆದಂಥ ಯುದ್ಧ ಯಾವ ರಣರಂಗದಲ್ಲೂ ನಡೆದಿಲ್ಲ. ಪರದೆ ಇಳಿಸಿದ ಮಬ್ಬಿನಲ್ಲಿ ಅತ್ತಿಗೆ ಹಣ್ಣು ಒತ್ತಿ ಹದ ಹೇಳುತ್ತಿದ್ದಳು, ಹೆಚ್ಚುತ್ತಿದ್ದಳು. ನಾದಿನಿ ಅರೆದು, ಅಸಿಟೋನಿನಲ್ಲಿ ಕಲಕಿ, ಬಣ್ಣ ಇಳಿಸಿ, ಯಂತ್ರಕ್ಕೆ ಕೊಡುತ್ತಿದ್ದಳು.

"ಏನು ನಾತ ಇದು. ಇದರಲ್ಲಿ ದಿನಾ ಕೂತ್ಕೋತೀಯಾ? ಅದಕ್ಕೇ ಮೂಗು ಸತ್ತು ಹೋಗಿದೆ, ಮನೇಲಿ ಹಾಲು ಉಕ್ಕಿದರೂ ಗೊತ್ತಾಗಲ್ಲ."

"ನಿಮ್ಮ ಮಾತಿಗಿಂತ ಈ ನಾತ ವಾಸಿ, ಅತ್ತಿಗೆ. ಅರೆಹಣ್ಣು ಕೊಡಿ. ಇದು ಅರೆಹಣ್ಣಾ?"

"ನನ್ನ ಬೆರಳನ್ನೇ ಕೇಳ್ತೀಯಾ? ಕೊಟ್ಟಿದ್ದನ್ನ ತಗೋ."

ನಾದಿನಿ ತಗೊಂಡಳು. ಯಂತ್ರ ಹೇಳಿತು: ಅರೆಹಣ್ಣೇ. ಮುಂದಿನದು: ಹಣ್ಣೇ. ಅದರ ಮುಂದಿನದು: ಕಾಯಿಯೇ. ಅತ್ತಿಗೆಯ ಹೆಬ್ಬೆರಳು ಒಂದು ಸಲವೂ ತಪ್ಪಲಿಲ್ಲ. ಒಂದಾದರೂ ತಪ್ಪಲಿ ಎಂದು ನಾದಿನಿ ಒಳಗೊಳಗೇ ಹರಕೆ ಹೊತ್ತಳು. ತನ್ನ ಗೆರೆ ಹಾಳಾದರೂ ಚಿಂತೆಯಿಲ್ಲ ಎನ್ನುವಷ್ಟು ದೂರ ಹೋಗಿ, ಅಲ್ಲಿಂದ ಗಾಬರಿಯಾಗಿ ವಾಪಸ್ಸು ಬಂದಳು.

ಬೆಳಕು ಇಳಿಯುವ ಹೊತ್ತಿಗೆ ಗೆರೆಗಳು ಬಂದವು. ಸಿಪ್ಪೆಯ ಗೆರೆ ಇಳಿಜಾರಿನ ಹಾಗೆ ಇಳಿದಿತ್ತು: ಹಸಿರು ಕರಗಿದಂತೆ ಅದರ ಕಸುವೂ ಕರಗಿತ್ತು. ಲೋಳೆಯ ಗೆರೆ ಏಣಿ ಹತ್ತಿದ ಹಾಗೆ ಏರಿತ್ತು: ಕೆಂಪು ತುಂಬಿದಷ್ಟೂ ಬಲ. ಎಷ್ಟು ನೆಟ್ಟಗಿದ್ದವೆಂದರೆ ಅವುಗಳ ಮೇಲೆ ಬಟ್ಟೆ ಒಣಹಾಕಬಹುದಿತ್ತು.

ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಗೆರೆ ಸರಿಯಾಯ್ತು. ಆದರೆ ಇಷ್ಟು ತಿಂಗಳ ಕೆಲಸ ದಾರದಿಂದ ಹಾಳಾಯ್ತಲ್ಲ. ಆ ದಾರ ಅಳತೆಕೋಣೆಯದು." ಅತ್ತಿಗೆಯ ಕಡೆ ತಿರುಗಿದರು. "ನೀವೇ ಹೇಳಿಬಿಡಿ. ಬೀಗದ ಕೈ ತಗೋತೀರಾ?"

ನಾದಿನಿಯ ಕೈ ತಾನೇ ತಾನಾಗಿ ಕೊರಳಿಗೆ ಹೋಯಿತು. ಅತ್ತಿಗೆ ಅದನ್ನು ನೋಡಿದಳು. ಬೇಕೆಂದೇ ನಿಧಾನ ಮಾಡಿದಳು. ಕೈಯ ರಸ ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಕೋಣೆಯ ನಾಲ್ಕು ಮೂಲೆಯನ್ನೂ ಕೊಳ್ಳುವವಳ ಹಾಗೆ ನೋಡಿದಳು.

"ದಾರ ತಪ್ಪು, ಸಾರ್. ಅಳತೆ ತಪ್ಪಲ್ಲ" ಎಂದಳು. "ಇವತ್ತು ನಾನು ಪಕ್ಕದಲ್ಲೇ ಕೂತು ನೋಡಿದೀನಿ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ನಾನು ಮಾಡಿದರೆ ಹಾಗೆ ಬರಲ್ಲ. ಕೋಣೆ ಅವಳದೇ ಇರಲಿ." ಆಮೇಲೆ ಬಾಗಿಲ ಹತ್ತಿರ ಹೋಗಿ, "ನನಗೆ ಯಾಕೆ ಈ ನಾತ?" ಎಂದು ಸೇರಿಸಿ ಹೊರಟುಹೋದಳು.

"ಆಯ್ತು ಆಯ್ತು" ಎಂದರು ಸಾಹೇಬರು, ಬದುಕಿಕೊಂಡವರ ಹಾಗೆ.

ನಾದಿನಿ ಒಬ್ಬಳೇ ಉಳಿದಳು. ಕೋಣೆ ಉಳಿದಿತ್ತು. ಬೀಗದ ಕೈ ಕೊರಳಲ್ಲೇ ಇತ್ತು. ಆದರೆ ಅದು ಈಗ ಆ ಹೆಂಗಸು ಕೊಟ್ಟ ಭಿಕ್ಷೆಯಂತೆ ಭಾರವಾಗಿ ತೂಗಿತು. ಸೋತಿದ್ದರೆ ಒಂದು ರಾತ್ರಿ ಅತ್ತು, ಮರುದಿನದಿಂದ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಈಗ ಎಲ್ಲಿಂದ ಶುರುಮಾಡುವುದು?

ಏನಾದರೊಂದು ತಪ್ಪು ಮಾಡಿಟ್ಟು ಹೋಗಿರಲೇಬೇಕು ಎಂದು ಹುಡುಕತೊಡಗಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು; ಒಂದು ಸಿಪ್ಪೆಯಿಲ್ಲ. ಚಾಕು ತನ್ನ ಜಾಗದಲ್ಲಿತ್ತು. ತೊಟ್ಟಿಯ ಪಕ್ಕದ ಗಾಜಿನ ಸಾಮಾನುಗಳನ್ನೆಲ್ಲ ಅತ್ತಿಗೆ ಯಾವ ಮಾಯದಲ್ಲೋ ತೊಳೆದು, ಬೋರಲು ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿದ್ದಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು. ಹಾಗಲದ ಒಂದು ಕೆಂಪು ಎಳೆ, ಬೆರಳಿನ ಒಂದು ಗುರುತು, ಒಂದು ನೀರಿನ ಹನಿ? ಇಲ್ಲ. ಯಾವುದರಲ್ಲೂ ಇಲ್ಲ.

ನಾದಿನಿ ಹಲ್ಲು ಕಚ್ಚಿದಳು. ಬಾಗಿಲನ್ನು ಪೂರ್ತಿ ತೆರೆದಿಟ್ಟಳು, ಎದುರು ಕೋಣೆಗೆ ಚೆನ್ನಾಗಿ ಕೇಳಲೆಂದು. ನಲ್ಲಿಯನ್ನು ಕೊನೆಯ ತನಕ ತಿರುಗಿಸಿ, ಪಳಪಳ ಹೊಳೆಯುತ್ತಿದ್ದ ಅಷ್ಟೂ ಗಾಜನ್ನು ಮತ್ತೆ ಮೊದಲಿನಿಂದ ತೊಳೆಯತೊಡಗಿದಳು.